ಎಲೆಯ ಮೇಲೆ ಮಂಜುಗಡ್ಡೆ: ಗಿಡ ಉಳಿಸುವುದು ಹೇಗೆ?

ಮಕ್ಕಳೇ, ಚಳಿಗಾಲದ ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಕೂತಿರುವುದನ್ನು ನೀವೆಲ್ಲ ನೋಡಿದ್ದೀರಿ. ಆ ಇಬ್ಬನಿಯ ಜಾಗದಲ್ಲಿ ಮಂಜುಗಡ್ಡೆ ಕೂತರೆ? ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ದಾಟಿ ನೀಲಗಿರಿ ಬೆಟ್ಟ ಹತ್ತಿದರೆ ಇದು ಕಾಣಸಿಗುತ್ತದೆ. ಊಟಿ ಇರುವುದು ಸಮುದ್ರ ಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿ. ಡಿಸೆಂಬರ್, ಜನವರಿ ತಿಂಗಳ ಕೆಲವು ಬೆಳಗುಗಳಲ್ಲಿ ಅಲ್ಲಿನ ಹುಲ್ಲು ಉಪ್ಪು ಚೆಲ್ಲಿದಂತೆ ಬೆಳ್ಳಗಿರುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಫ್ರಾಸ್ಟ್ ಎನ್ನುತ್ತಾರೆ. ನಾವು ಇಲ್ಲಿ ಹೆಪ್ಪುಮಂಜು ಎಂದು ಕರೆಯೋಣ.

ಪ್ರವಾಸಿಗರು ಇದನ್ನು ಕಂಡು ಹಿಗ್ಗುತ್ತಾರೆ. ಚಹಾ, ಆಲೂಗಡ್ಡೆ, ಕ್ಯಾರೆಟ್ ಬೆಳೆಯುವ ರೈತರಿಗೆ ಮಾತ್ರ ಇದು ಚಿಂತೆಯ ಕಾಲ. ಅವರಲ್ಲಿ ಬಹಳ ಜನ ಬಡಗರು; ಅವರ ಮಾತು ಕನ್ನಡಕ್ಕೆ ತೀರ ಹತ್ತಿರದ್ದು. ಚಹಾದ ಚಿಗುರು ಒಂದೇ ರಾತ್ರಿಯಲ್ಲಿ ಸುಟ್ಟಂತಾದರೆ ಹೊಸ ಚಿಗುರಿಗೆ ವಾರಗಟ್ಟಲೆ ಕಾಯಬೇಕು. ಅಷ್ಟು ದಿನ ಕೊಯ್ಲಿಲ್ಲ, ಎಲೆ ಕೀಳುವವರಿಗೆ ಕೂಲಿಯಿಲ್ಲ. 2019ರ ಜನವರಿಯಲ್ಲಿ ಕೇರಳದ ಮುನ್ನಾರಿನ ಚಹಾ ತೋಟಗಳಿಗೂ ಹೀಗೆಯೇ ಪೆಟ್ಟು ಬಿತ್ತು.

ಹೆಪ್ಪುಮಂಜು ಆಕಾಶದಿಂದ ಬೀಳುವ ಹಿಮವಲ್ಲ. ಹಗಲಲ್ಲಿ ಕಾದ ನೆಲ ಮತ್ತು ಎಲೆಗಳು ರಾತ್ರಿ ಶಾಖವನ್ನು ಹೊರಸೂಸುತ್ತವೆ. ಮೋಡವಿದ್ದರೆ ಅದು ಕಂಬಳಿಯಂತೆ ಸ್ವಲ್ಪ ಶಾಖವನ್ನು ಹಿಂದಕ್ಕೆ ಕಳಿಸುತ್ತದೆ. ಮೋಡವೂ ಇಲ್ಲ, ಗಾಳಿಯೂ ಇಲ್ಲ ಎಂದಾಗ ಎಲೆ ಬಹಳ ತಣ್ಣಗಾಗುತ್ತದೆ. ಎಲೆಯ ಉಷ್ಣತೆ 0 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಗಾಳಿಯ ನೀರಾವಿ ನೀರಾಗದೆ ನೇರವಾಗಿ ಮಂಜಿನ ಹರಳಾಗುತ್ತದೆ. ಒಂದು ವಿಚಿತ್ರ ಕೇಳಿ: ಆಳೆತ್ತರದಲ್ಲಿ ತೂಗುಹಾಕಿದ ಉಷ್ಣಮಾಪಕ 2 ಡಿಗ್ರಿ ತೋರಿಸುತ್ತಿರುವಾಗಲೂ ನೆಲದ ಹುಲ್ಲಿನ ಮೇಲೆ ಹೆಪ್ಪುಮಂಜು ಇರಬಹುದು. ತಣ್ಣನೆಯ ಗಾಳಿ ಭಾರ. ಅದು ನೀರಿನಂತೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಅದಕ್ಕೇ ಗುಡ್ಡದ ಮೇಲಿನ ತೋಟ ಉಳಿದು ಕಣಿವೆಯ ತೋಟ ಹಾಳಾಗುವುದುಂಟು.

ಎಲೆ ಸಾಯುವುದೇಕೆ? ಮಂಜುಗಡ್ಡೆ ಮೊದಲು ಹುಟ್ಟುವುದು ಸಾಮಾನ್ಯವಾಗಿ ಜೀವಕೋಶಗಳ ನಡುವಿನ ಸಂದಿಯಲ್ಲಿ. ಅದು ಕೋಶದೊಳಗಿನ ನೀರನ್ನು ಹೊರಗೆಳೆಯುತ್ತದೆ. ನೀರು ಕಳೆದುಕೊಂಡ ಕೋಶ ಮುದುಡಿ, ಅದರ ಪೊರೆ ಕೆಡುತ್ತದೆ. ಬಿಸಿಲೇರಿದಾಗ ಎಲೆ ಬೇಯಿಸಿದಂತೆ ಜೋತುಬಿದ್ದು ಆಮೇಲೆ ಕಪ್ಪಾಗುತ್ತದೆ.

ತಡೆಯುವ ಉಪಾಯಗಳಲ್ಲಿ ಸುಲಭವಾದದ್ದು ಹೊದಿಕೆ. ಒಣಹುಲ್ಲು, ಜರಿಗಿಡದ ಸೊಪ್ಪು, ಗೋಣಿತಾಟು ಯಾವುದಾದರೂ ಸರಿ, ಸಂಜೆಯೇ ಮುಚ್ಚಬೇಕು. ಸಸಿಗೆ ಗೋಣಿತಾಟು ಮುಚ್ಚಿದ್ದರೆ ಬೆಳಿಗ್ಗೆ ತೆಗೆಯಬೇಕು. ಇಲ್ಲವಾದರೆ ನೆಲಕ್ಕೆ ಬಿಸಿಲು ತಾಗದು. ಪ್ಲಾಸ್ಟಿಕ್ ಹಾಳೆಯಾದರೆ ಎಲೆಗೆ ಅಂಟಿಕೊಳ್ಳದಂತೆ ಕೋಲು ನೆಟ್ಟು ಮೇಲೆತ್ತಬೇಕು. ಹಿಂದಿನ ದಿನವೇ ಮಣ್ಣಿಗೆ ನೀರು ಹಾಯಿಸುವುದೂ ಒಳ್ಳೆಯದು. ಒದ್ದೆ ಮಣ್ಣು ಒಣ ಮಣ್ಣಿಗಿಂತ ಹೆಚ್ಚು ಶಾಖ ಹಿಡಿದಿಟ್ಟುಕೊಂಡು ರಾತ್ರಿ ನಿಧಾನವಾಗಿ ಬಿಡುತ್ತದೆ.

ಇನ್ನೊಂದು ಉಪಾಯ ಕೇಳಿದರೆ ನಿಮಗೆ ನಗು ಬರಬಹುದು. ಗಿಡ ಹೆಪ್ಪುಗಟ್ಟಬಾರದೆಂದು ಅದರ ಮೇಲೆ ನೀರು ಚಿಮುಕಿಸಿ ಹೆಪ್ಪುಗಟ್ಟಿಸುತ್ತಾರೆ! 1 ಗ್ರಾಂ ನೀರು ಮಂಜುಗಡ್ಡೆಯಾಗುವಾಗ ಸುಮಾರು 80 ಕ್ಯಾಲೊರಿ ಶಾಖವನ್ನು ಬಿಟ್ಟುಕೊಡುತ್ತದೆ. ನೀರು ಬೀಳುತ್ತಲೇ ಇದ್ದರೆ ಆ ಶಾಖದಿಂದ ಎಲೆಯ ಉಷ್ಣತೆ 0 ಡಿಗ್ರಿಯ ಹತ್ತಿರವೇ ನಿಲ್ಲುತ್ತದೆ. ಬಹಳಷ್ಟು ಗಿಡಗಳು ಅಷ್ಟು ಚಳಿಯನ್ನು ತಡೆದುಕೊಳ್ಳಬಲ್ಲವು. ಆದರೆ ಅರ್ಧಕ್ಕೆ ನಿಲ್ಲಿಸಿದರೆ ಕೆಲಸ ಕೆಟ್ಟಂತೆ. ಆಗ ನೀರು ಆವಿಯಾಗುತ್ತಾ ಎಲೆಯಿಂದಲೇ ಶಾಖ ಕಸಿದುಕೊಳ್ಳುತ್ತದೆ. ಆದ್ದರಿಂದ ಬಿಸಿಲೇರಿ ಮಂಜು ಕರಗುವವರೆಗೂ ನೀರು ಬಿಡಬೇಕು. ನೀರು, ಪಂಪು ಎರಡೂ ಇದ್ದವರಿಗಷ್ಟೇ ಈ ಉಪಾಯ. ಹೊಗೆ ಹಾಕುವ ರೂಢಿಯೂ ಹಲವೆಡೆ ಇದೆ. ಬೆಂಕಿಯ ಶಾಖದಿಂದ ಹತ್ತಿರದ ಗಿಡಗಳಿಗೆ ಸ್ವಲ್ಪ ಪ್ರಯೋಜನವಾದೀತು. ಹೊಗೆ ಮಾತ್ರ ನೆಲದ ಶಾಖವನ್ನು ತಡೆದು ನಿಲ್ಲಿಸಲಾರದು.

ಹೆಪ್ಪುಮಂಜು ಬಿದ್ದೇಬಿಟ್ಟರೆ? ಅವಸರಪಟ್ಟು ಗಿಡ ಕತ್ತರಿಸಬಾರದು. ಕಪ್ಪಾದ ಎಲೆಯ ಕೆಳಗಿನ ಕಾಂಡ ಜೀವಂತವಾಗಿರಬಹುದು. ಉಗುರಿನಿಂದ ತೊಗಟೆಯನ್ನು ತುಸು ಕೆರೆದು ನೋಡಿ, ಒಳಗೆ ಹಸಿರಿದ್ದರೆ ಕಾಯಬಹುದು. ಬಲಿತ ಟೊಮೆಟೊ ಕಾಯಿ ಹೆಪ್ಪುಗಟ್ಟಿರದಿದ್ದರೆ ಕಿತ್ತು ಮನೆಯೊಳಗಿಟ್ಟರೆ ಹಣ್ಣಾಗುತ್ತದೆ. ಆಲೂಗಡ್ಡೆಯ ಎಲೆ ಸತ್ತರೂ ಮಣ್ಣಿನೊಳಗಿನ ಗೆಡ್ಡೆ ಸಾಮಾನ್ಯವಾಗಿ ಕ್ಷೇಮ. ಸಿಪ್ಪೆ ಬಲಿಯಲು ಸುಮಾರು ಎರಡು ವಾರ ಬಿಟ್ಟು ಅಗೆಯಬಹುದು. ಕ್ಯಾರೆಟ್ ಇವೆಲ್ಲಕ್ಕಿಂತ ಜಾಣ. ಚಳಿಗೆ ಅದರಲ್ಲಿ ಸಕ್ಕರೆ ಹೆಚ್ಚುತ್ತದೆ. ಸಕ್ಕರೆ ಕರಗಿದ ನೀರು ಬೇಗ ಹೆಪ್ಪುಗಟ್ಟುವುದಿಲ್ಲ, ನಮಗೂ ಸಿಹಿ ಕ್ಯಾರೆಟ್ ಸಿಗುತ್ತದೆ.

ಯುರೋಪ್, ಅಮೆರಿಕಗಳಲ್ಲಿ ಬೆಳೆಯುವ ಹಾಪ್ಸ್ ಎಂಬ ಬಳ್ಳಿಯದು ಬೇರೆಯೇ ದಾರಿ. ನಮ್ಮ ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಲ್ಲೂ ಅದನ್ನು ಬೆಳೆದದ್ದುಂಟು. ಚಳಿ ಬಂದಾಗ ಅದರ ಬಳ್ಳಿ ನೆಲದವರೆಗೂ ಸಾಯುತ್ತದೆ, ನೆಲದೊಳಗಿನ ಕಾಂಡ ಉಳಿದು ವಸಂತದಲ್ಲಿ ಮತ್ತೆ ಚಿಗುರುತ್ತದೆ. ಹೆಪ್ಪುಮಂಜು ಬೇಗ ಬಂದರೆ ಬಲಿತ ಹೂಗಳನ್ನು ತಡಮಾಡದೆ ಕಿತ್ತು, ಬೂಷ್ಟು ಹಿಡಿಯದಂತೆ ಗಾಳಿಯಾಡುವ ಕಡೆ ತೆಳ್ಳಗೆ ಹರಡಿ ಒಣಗಿಸುತ್ತಾರೆ.

ಮಾಡಿ ನೋಡಿ: ಒಂದು ತಗಡಿನ ಡಬ್ಬಿಯಲ್ಲಿ ಮೂರು ಪಾಲು ಪುಡಿ ಮಾಡಿದ ಮಂಜುಗಡ್ಡೆ, ಒಂದು ಪಾಲು ಉಪ್ಪು ಬೆರೆಸಿ. ಡಬ್ಬಿಯ ಹೊರಮೈಯನ್ನು ಒರೆಸಿ ಸ್ವಲ್ಪ ಹೊತ್ತು ಕಾಯಿರಿ. ಬಿಳಿ ಪದರ ಮೂಡುತ್ತದೆ. ಒಂದು ಟೊಮೆಟೊ ಎಲೆಯನ್ನು ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅದೇ ಮಿಶ್ರಣದಲ್ಲಿ ಅರ್ಧ ಗಂಟೆ ಹುದುಗಿಸಿಡಿ. ಹೊರತೆಗೆದು ಕರಗಲು ಬಿಟ್ಟು, ತಾಜಾ ಎಲೆಯ ಪಕ್ಕದಲ್ಲಿಟ್ಟು ಎರಡನ್ನೂ ಮುಟ್ಟಿ ನೋಡಿ. ಮಿಶ್ರಣವನ್ನು ಬರಿಗೈಯಿಂದ ಮುಟ್ಟಬೇಡಿ, ಚಮಚ ಬಳಸಿ.