ಹಿತ್ತಾಳೆ ಬುಷ್ ಬದಲಿಗೆ ಯಾವ ಪ್ಲಾಸ್ಟಿಕ್?

ಕನ್ವೇಯರ್, ಪ್ಯಾಕಿಂಗ್ ಯಂತ್ರಗಳಲ್ಲಿ ಸವೆದ ಹಿತ್ತಾಳೆ ಬುಷ್ ತೆಗೆದು ಪ್ಲಾಸ್ಟಿಕ್ ಬುಷ್ ಹಾಕುವುದು ಸಣ್ಣ ವರ್ಕ್‌ಶಾಪ್‌ಗಳಲ್ಲೂ ರೂಢಿಯಾಗಿದೆ. ಗ್ರೀಸ್ ಖರ್ಚು ಇಳಿಯುತ್ತದೆ, ಸದ್ದು ಕಡಿಮೆ, ಶಾಫ್ಟ್ ಬೇಗ ಸವೆಯದು. ಆದರೆ ಸಿಕ್ಕಿದ ಬಿಳಿ ರಾಡ್ ತಂದು ಹಿತ್ತಾಳೆಯ ಅಳತೆಗೇ ಕಡೆದರೆ ಬುಷ್ ಶಾಫ್ಟನ್ನು ಕಚ್ಚಿ ಹಿಡಿಯುತ್ತದೆ.

ಮೊದಲು ನೋಡಬೇಕಾದ್ದು ನೀರು. ನೈಲಾನ್ 6 ಗಾಳಿಯಿಂದಲೇ ತನ್ನ ತೂಕದ ಸುಮಾರು ಶೇ 2.5ರಿಂದ 3ರಷ್ಟು ತೇವ ಹೀರುತ್ತದೆ. ನೀರಿನಲ್ಲೇ ಮುಳುಗಿದ್ದರೆ ಶೇ 9ರ ಆಸುಪಾಸು. ಹೀರಿದಷ್ಟೂ ಊದುತ್ತದೆ. ಹಾಗೆಂದು ಅದನ್ನು ತಳ್ಳಿಹಾಕಬೇಡಿ. ಆ ತೇವವೇ ಅದಕ್ಕೆ ಪೆಟ್ಟು ತಾಳುವ ಶಕ್ತಿ ಕೊಡುತ್ತದೆ. ಒಣ ಜಾಗದ ರೋಲರ್, ದೊಡ್ಡ ಗೇರ್‌ಗಳಿಗೆ ನಾನು ಹೇಳುವುದು ನೈಲಾನನ್ನೇ. ನೀರು ತಾಗುವಲ್ಲಿ, ಬಿಗಿ ಅಳತೆಯ ಸಣ್ಣ ಭಾಗಗಳಿಗೆ ಅಸಿಟಾಲ್ ಸರಿ. ಪೇಟೆಯಲ್ಲಿ ಡೆಲ್ರಿನ್ ಎಂದು ಕೇಳಿ. ಬಲವಾದ ಆಮ್ಲ, ಕ್ಲೋರಿನ್ ಇರುವ ಕಡೆ ಮಾತ್ರ ಅದು ಬೇಡ.

ಆಮೇಲೆ ಬಿಸಿ. ಸದಾ 100 ಡಿಗ್ರಿ ಸೆಲ್ಸಿಯಸ್ ದಾಟುವ ಕಡೆ ಇವೆರಡನ್ನೂ ನಂಬಬೇಡಿ. ಟೆಫ್ಲಾನ್ 260 ಡಿಗ್ರಿವರೆಗೆ ತಡೆಯುತ್ತದೆ, ಆದರೆ ಭಾರ ಬಿದ್ದರೆ ನಿಧಾನವಾಗಿ ಹರಡಿಕೊಳ್ಳುತ್ತದೆ. ಬಿಸಿಯೂ ಭಾರವೂ ಸೇರಿದರೆ ಪೀಕ್. ಬೆಲೆ ಬಹಳ ದುಬಾರಿ.

ರಾಡ್ ಕೊಳ್ಳುವಾಗ ತೂಕ ಹಾಕಿಸಿ. 50 ಮಿ.ಮೀ. ವ್ಯಾಸ, 100 ಮಿ.ಮೀ. ಉದ್ದದ ತುಂಡು ನೈಲಾನ್ ಆಗಿದ್ದರೆ 225 ಗ್ರಾಂ ಹತ್ತಿರ, ಅಸಿಟಾಲ್ ಆಗಿದ್ದರೆ 275 ಗ್ರಾಂ ಮೇಲೆ ತೂಗುತ್ತದೆ. ನೀರಿನಲ್ಲಿ ತೇಲಿದರೆ ಎರಡೂ ಅಲ್ಲ, ಅದು ಪಾಲಿಥಿಲೀನ್ ಅಥವಾ ಪಾಲಿಪ್ರೊಪಿಲೀನ್ ಇರಬೇಕು. ಸುಟ್ಟು ನೋಡುವ ಅಭ್ಯಾಸ ದಯವಿಟ್ಟು ಬಿಡಿ: ಉರಿಯುವ ಅಸಿಟಾಲ್‌ನಿಂದ ಫಾರ್ಮಾಲ್ಡಿಹೈಡ್ ಹೊರಡುತ್ತದೆ, ಅತಿಯಾಗಿ ಕಾದ ಟೆಫ್ಲಾನ್‌ನ ಹೊಗೆಯೂ ವಿಷ.

ಇನ್ನು ಅಳತೆ; ಹೆಚ್ಚಿನ ಕೆಲಸ ಕೆಡುವುದು ಇಲ್ಲೇ. 40 ಡಿಗ್ರಿ ಬಿಸಿ ಏರಿದಾಗ 100 ಮಿ.ಮೀ. ಉಕ್ಕು 0.05 ಮಿ.ಮೀ. ಹಿಗ್ಗಿದರೆ ನೈಲಾನ್ 0.3 ಮಿ.ಮೀ. ಮೀರುತ್ತದೆ. ಹೌಸಿಂಗ್‌ನಲ್ಲಿ ಒತ್ತಿ ಕೂರಿಸಿದ ಬುಷ್ ಹೊರಗೆ ಹಿಗ್ಗಲು ಜಾಗವಿಲ್ಲದೆ ಒಳಕ್ಕೇ ಬೆಳೆದು ತೂತು ಕಿರಿದಾಗುತ್ತದೆ. ಹಾಗಾಗಿ ಹಿತ್ತಾಳೆಗಿಂತ ಹೆಚ್ಚು ಕ್ಲಿಯರೆನ್ಸ್ ಬಿಡಿ, ಬುಷ್ ಕೂರಿಸಿದ ಮೇಲೆ ಒಳವ್ಯಾಸ ಮತ್ತೆ ಅಳೆಯಿರಿ.

ಲೇತ್‌ನಲ್ಲಿ ಹರಿತವಾದ ಟೂಲ್ ಇರಲಿ, ಗಾಳಿ ಊದಿ ತಣಿಸಿ. ರಫ್ ಕಡೆದ ತುಂಡನ್ನು ಒಂದು ರಾತ್ರಿ ಹಾಗೇ ಬಿಟ್ಟು, ಬೆಳಿಗ್ಗೆ ಫಿನಿಶಿಂಗ್ ಕಟ್ ಕೊಡಿ. ಬಿಸಿಯಿರುವಾಗ ಹಿಡಿದ ಅಳತೆ ತಣ್ಣಗಾದಾಗ ಉಳಿಯುವುದಿಲ್ಲ.