ಮಳೆಗಾಲಕ್ಕೆ ಕೀ ಬಂಚಿನ ಬ್ಯಾಟರಿ

ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ ಸುರಿಯುವ ಊರು ಮಂಗಳೂರು. ಜೂನ್ ಬಂತೆಂದರೆ ಎಲ್ಲೋ ತೆಂಗಿನ ಮಡಲು ತಂತಿಯ ಮೇಲೆ ಬೀಳುತ್ತದೆ, ಕರೆಂಟು ಹೋಗುತ್ತದೆ. ದೊಡ್ಡ ಟಾರ್ಚು ಮನೆಯ ಕಪಾಟಿನಲ್ಲಿ, ನಾವು ಹಂಪನಕಟ್ಟೆಯಲ್ಲಿ. ಆ ಹೊತ್ತಿಗೆ ಒದಗುವುದು ಕೀ ಬಂಚಿಗೆ ನೇತುಹಾಕಿದ ಬೆರಳುದ್ದದ ಬ್ಯಾಟರಿ. ನಮ್ಮ ಕಡೆ ಟಾರ್ಚಿಗೆ ಹಾಗೆನ್ನುವುದೇ ರೂಢಿ. ಹಲವು ಮಳೆಗಾಲ ಜೇಬಿನಲ್ಲಿಟ್ಟುಕೊಂಡು ಕಲಿತದ್ದನ್ನು ಹೇಳುತ್ತೇನೆ.

1. ಕೀ ಬಂಚಿನಲ್ಲೇ ಇರಲಿ. ಬ್ಯಾಗು ದಿನಕ್ಕೊಂದಾಗಬಹುದು, ಕೀ ಬಿಟ್ಟು ಯಾರೂ ಹೊರಡುವುದಿಲ್ಲ.

2. ಮೊಬೈಲ್ ಇದೆಯಲ್ಲ ಎಂದು ಸುಮ್ಮನಿರಬೇಡಿ. ಹನಿ ಬಿದ್ದ ಪರದೆ ಒದ್ದೆ ಬೆರಳಿನ ಮಾತು ಕೇಳುವುದಿಲ್ಲ. ಕರೆಂಟು ಯಾವಾಗ ಬರುತ್ತದೋ ತಿಳಿಯದಾಗ ಅದರ ಚಾರ್ಜು ಮಾತಾಡಲಿಕ್ಕೆ ಉಳಿಯಬೇಕು.

3. ಬೆಳಕನ್ನು ಕಾಲ ಬುಡಕ್ಕೆ ಹಿಡಿಯಿರಿ. ಒಂದು ಜುಲೈ ರಾತ್ರಿ ನಮ್ಮ ಗುಡ್ಡದ ಇಳಿಜಾರು ಓಣಿಯಲ್ಲಿ ಬರುತ್ತಿದ್ದೆ. ಬೀದಿದೀಪ ಇಲ್ಲ, ಚರಂಡಿ ಉಕ್ಕಿ ರಸ್ತೆಯೂ ತೋಡೂ ಒಂದಾಗಿದೆ. ಎಂದಿನಂತೆ ಸ್ಲ್ಯಾಬಿನ ಮೇಲೆ ಕಾಲಿಡಬೇಕು, ಅಷ್ಟರಲ್ಲಿ ಬ್ಯಾಟರಿ ಹಾಕಿದೆ. ಮುಂದಿನ ಹೆಜ್ಜೆಯ ಜಾಗದಲ್ಲಿ ಕೆಂಪು ನೀರು ಗಿರಗಿರ ಸುತ್ತುತ್ತಿತ್ತು, ಒಂದು ಒಣ ಎಲೆ ಅದರೊಳಗೆ ಇಳಿದು ಮಾಯವಾಯಿತು. ಸ್ಲ್ಯಾಬ್ ಇರಲಿಲ್ಲ. ಯಕ್ಷಗಾನ ನೋಡಿ ತೂಟೆ ಬೀಸುತ್ತಾ ಮನೆಗೆ ಬರುತ್ತಿದ್ದ ಹಿರಿಯರು ಆ ಒಣಮಡಲಿನ ಪಂಜನ್ನು ಮೊಣಕಾಲಿನ ಕೆಳಗೇ ಹಿಡಿಯುತ್ತಿದ್ದುದು ಯಾಕೆಂದು ಅವತ್ತು ತಿಳಿಯಿತು. ನೀರು ನಿಂತಲ್ಲಿ ತಂತಿ ಬಿದ್ದಿರುವುದು ಕಂಡರೆ ಮಾತ್ರ ಹತ್ತಿರ ಹೋಗಿ ನೋಡಬೇಡಿ. ಹಿಂದೆ ಸರಿದು ಕರೆಂಟಿನ ದೂರು ಹೇಳುವ 1912ಕ್ಕೆ ಫೋನ್ ಮಾಡಿ.

4. ಒಂದೇ ಕೈಯಲ್ಲಿ ಹೊತ್ತಬೇಕು. ಮೂತಿ ತಿರುಗಿಸುವ ಬ್ಯಾಟರಿಗಳು ಜೇಬಿನಲ್ಲಿ ತಾವಾಗಿ ಉರಿಯುವುದಿಲ್ಲ, ನಿಜ. ಆದರೆ ಇನ್ನೊಂದು ಕೈಯಲ್ಲಿ ಕೊಡೆ ಇರುತ್ತದೆ. ನಾನು ಒತ್ತುವ ಗುಂಡಿಯನ್ನೇ ಆರಿಸುತ್ತೇನೆ, ಗುಂಡಿ ಗಟ್ಟಿಯಾಗಿದೆಯೇ ಎಂದು ಅಂಗಡಿಯಲ್ಲೇ ಒತ್ತಿ ನೋಡುತ್ತೇನೆ.

5. ಸುಲಭಕ್ಕೆ ಸಿಗುವ ಸೆಲ್ ನೋಡಿಕೊಳ್ಳಿ. ಯುಎಸ್‌ಬಿ ಚಾರ್ಜಿನದು ಚೆಂದ, ಆದರೆ ಎರಡು ದಿನ ಕರೆಂಟಿಲ್ಲದಾಗ ಅದೂ ಮಲಗುತ್ತದೆ. ಟಿವಿ ರಿಮೋಟಿಗೆ ಹಾಕುವ ಎಎಎ ಸೆಲ್ ಮೂಲೆಯಂಗಡಿಯಲ್ಲೂ ಇದೆ. ತೀರ ಸಣ್ಣವಕ್ಕೆ ಬೇಕಾಗುವುದು 3 ವೋಲ್ಟಿನ ಸಿಆರ್2032 ನಾಣ್ಯದ ಸೆಲ್. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಸ್ಕ್ರೂ ಹಾಕಿದ ಮುಚ್ಚಳದ್ದನ್ನೇ ಕೊಳ್ಳಿ. ನುಂಗಿದ ನಾಣ್ಯದ ಸೆಲ್ ಗಂಟಲಿನಲ್ಲಿ ಸಿಕ್ಕಿಕೊಂಡರೆ 2 ಗಂಟೆಯೊಳಗೆ ಅನ್ನನಾಳವನ್ನು ಸುಡಬಲ್ಲದು. ಅನುಮಾನ ಬಂದರೂ ಸಾಕು, ನೇರ ಆಸ್ಪತ್ರೆಗೆ ಓಡಿ.

6. ಉಪ್ಪು ಗಾಳಿಯ ಊರಿದು. ಸೆಲ್ ಮುಟ್ಟುವ ತಗಡಿಗೆ ಹಸಿರು ಕಿಲುಬು ಹತ್ತುತ್ತದೆ. ತಿಂಗಳಿಗೊಮ್ಮೆ ಬಿಚ್ಚಿ, ಪೆನ್ಸಿಲ್ ರಬ್ಬರಿನಿಂದ ಉಜ್ಜಿ.

7. ಹೆಚ್ಚು ಬೆಳಕಿನ ಹಿಂದೆ ಬೀಳಬೇಡಿ. ಒಂದು ಮೇಣದ ಬತ್ತಿ ಕೊಡುವುದೇ ಸುಮಾರು 12 ಲ್ಯೂಮೆನ್. ಕತ್ತಲಿಗೆ ಪಳಗಿದ ಕಣ್ಣಿಗೆ ಮೆಟ್ಟಿಲು ಕಾಣಲು, ಬೀಗದ ತೂತು ಹುಡುಕಲು ಅಷ್ಟು ಧಾರಾಳ.

8. ಕೋಣೆಗೆಲ್ಲ ಬೆಳಕು ಬೇಕೇ? ಫ್ಲ್ಯಾಟಿನಲ್ಲಾದರೆ ಬಿಳಿ ಸೀಲಿಂಗಿಗೆ ಹಿಡಿಯಿರಿ. ಹೆಂಚಿನ ಮನೆಯಲ್ಲಿ ಅದು ನಡೆಯುವುದಿಲ್ಲ. ಬಾಸೆಲ್ ಮಿಷನ್ 1865ರಲ್ಲಿ ಇಲ್ಲೇ ಸುಡಲು ಶುರುಮಾಡಿದ ಕೆಂಪು ಹೆಂಚು ಬೆಳಕನ್ನು ನುಂಗಿಬಿಡುತ್ತದೆ. ಖಾಲಿಯಾದ ಬಿಳಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಬ್ಯಾಟರಿ ಹೊತ್ತಿಸಿಡಿ, ಊಟಕ್ಕೆ ಕೂರುವಷ್ಟು ಮಂದ ಬೆಳಕು ಹರಡುತ್ತದೆ.

9. ಇನ್ನೊಂದನ್ನು ಮನೆಯ ಹಿರಿಯರಿಗೆ ಕೊಡಿ. ಅಮ್ಮನ ಮಂಚದ ಪಕ್ಕದ ಮೊಳೆಗೆ ಒಂದು ಕಟ್ಟಿದ್ದೇನೆ. ಮೊದಲು ರಾತ್ರಿ ಕರೆಂಟು ಹೋದರೆ ಗೋಡೆ ತಡವುತ್ತಾ ಬಚ್ಚಲಿಗೆ ಹೋಗುತ್ತಿದ್ದರು. ಈಗ ಮೊದಲು ಟಕ್ ಎಂಬ ಸದ್ದು ಕೇಳುತ್ತದೆ, ಆಮೇಲೆ ಚಪ್ಪಲಿಯ ಸದ್ದು.