ಹಳೆಯ ದೋಣಿ, ಹೊಸ ಇಂಜಿನ್

ಮಕ್ಕಳೇ, ಧಾರಾಪುರಂ ಸುತ್ತಮುತ್ತಲಿನ ಊರುಗಳಲ್ಲಿ ಬಾವಿಯ ನೀರಿನಿಂದ ಬೆಳೆ ಬೆಳೆಯುವುದು ಬಹಳ ಹಿಂದಿನಿಂದಲೂ ಇದೆ. ನಿಮ್ಮ ಮುತ್ತಾತನ ಕಾಲದಲ್ಲಿ ಎತ್ತುಗಳನ್ನು ಕಟ್ಟಿ ಕಪಿಲೆ ಹೊಡೆಯುತ್ತಿದ್ದರು. ತೊಗಲಿನ ಚೀಲದಲ್ಲಿ ನೀರು ಮೇಲೆ ಬರುತ್ತಿತ್ತು. ಆಮೇಲೆ ಬಾವಿಯ ದಡಕ್ಕೆ ಡೀಸೆಲ್ ಇಂಜಿನ್ ಬಂದಿತು. ಎತ್ತುಗಳು ಅರ್ಧ ದಿನ ಎಳೆಯುತ್ತಿದ್ದ ನೀರನ್ನು ಅದು ಸ್ವಲ್ಪ ಹೊತ್ತಿನಲ್ಲೇ ಎತ್ತಿ ಹಾಕಿತು. ಆದರೆ ಬಾವಿ ಮಾತ್ರ ಅದೇ ಹಳೆಯ ಬಾವಿ. ಅದರ ಕಲ್ಲಿನ ಕಟ್ಟಡ ಗಟ್ಟಿಯಾಗಿರಬೇಕು. ಹೂಳು ತೆಗೆಯುತ್ತಿರಬೇಕು. ಇಂಜಿನ್ ಬಂದಿತೆಂದು ಬಾವಿಯನ್ನು ಮರೆತರೆ ನೀರು ಸಿಗುವುದಿಲ್ಲ.

ಕಡಲಿನಲ್ಲೂ ಇಂಥದೇ ಬದಲಾವಣೆ ನಡೆಯಿತು. ಗಾಳಿಯ ಬಲದಿಂದ ಓಡುತ್ತಿದ್ದ ಹಾಯಿದೋಣಿಗಳಿಗೆ ಡೀಸೆಲ್ ಇಂಜಿನ್ ಜೋಡಿಸಿದರು. ಅದನ್ನು ಹೇಗೆ ಜೋಡಿಸುತ್ತಾರೆ? ಅಂತಹ ದೋಣಿಯನ್ನು ಹೇಗೆ ಕಾಪಾಡುತ್ತಾರೆ? ಈ ಪಾಠದಲ್ಲಿ ತಿಳಿಯೋಣ.

ಮಂಜಿಗಳು ಮತ್ತು ತೋಣಿಗಳು

ಕರ್ನಾಟಕದ ಕರಾವಳಿಯಲ್ಲಿ ಮಂಗಳೂರು ಎಂಬ ನಗರವಿದೆ. ಅಲ್ಲಿ ನೇತ್ರಾವತಿ ಮತ್ತು ಗುರುಪುರ ನದಿಗಳು ಅರಬ್ಬೀ ಸಮುದ್ರವನ್ನು ಸೇರುವ ಜಾಗದಲ್ಲಿ ಹಳೆಯ ಬಂದರು ಇದೆ. ಅಲ್ಲಿಂದ ಲಕ್ಷದ್ವೀಪಕ್ಕೆ ಸರಕು ಹೊತ್ತು ಹೋಗುವ ಮರದ ದೊಡ್ಡ ದೋಣಿಗಳನ್ನು ಮಂಜಿ ಎಂದು ಕರೆಯುತ್ತಾರೆ. ಲಕ್ಷದ್ವೀಪದ ಪುಟ್ಟ ದ್ವೀಪಗಳಲ್ಲಿ ತೆಂಗು ಬೆಳೆಯುತ್ತದೆ, ಕಡಲಿನಲ್ಲಿ ಮೀನು ಸಿಗುತ್ತದೆ. ಆದರೆ ಅಕ್ಕಿ ಹೊರಗಿನಿಂದಲೇ ಬರಬೇಕು. ಮನೆ ಕಟ್ಟಲು ಸಿಮೆಂಟೂ ಜಲ್ಲಿಯೂ ಬರಬೇಕು. ಹಿಂದೆ ದ್ವೀಪದವರು ಕೊಬ್ಬರಿ ಮತ್ತು ತೆಂಗಿನ ನಾರನ್ನು ಹಾಯಿದೋಣಿಗಳಲ್ಲಿ ಮಂಗಳೂರಿಗೆ ತಂದು, ಅಕ್ಕಿ ಕೊಂಡು ಮರಳುತ್ತಿದ್ದರು. ಗಾಳಿ ನಿಂತರೆ ಅಕ್ಕಿ ತಲುಪುವುದೂ ತಡವಾಗುತ್ತಿತ್ತು.

ನಮ್ಮ ತಮಿಳುನಾಡಿನ ತೂತ್ತುಕುಡಿಯಲ್ಲಿಯೂ ಇಂತಹ ಮರದ ಹಡಗುಗಳಿವೆ. ಅವುಗಳ ಹೆಸರು ತೋಣಿ. ಅವು ಹಾಯಿ ಬಿಚ್ಚಿ ಶ್ರೀಲಂಕಾದ ಕೊಲಂಬೋವರೆಗೆ ಹೋಗುತ್ತಿದ್ದವು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ತೋಣಿಗಳಿಗೂ ಡೀಸೆಲ್ ಇಂಜಿನ್ ಬಂದಿತು. ಇಂದಿನ ಮಂಜಿಗಳೂ ಇಂಜಿನ್ ಬಲದಿಂದಲೇ ಸಾಗುತ್ತವೆ.

ಗಾಳಿಯ ಬಲ, ಗಾಳಿಯ ಮಿತಿ

ಹಾಯಿಗೆ ಎಣ್ಣೆ ಬೇಡ. ಗಾಳಿಗೆ ಹಣ ಕೊಡಬೇಕಾಗಿಲ್ಲ. ಹಾಗಾದರೆ ಇಂಜಿನ್ ಏಕೆ ಬೇಕಾಯಿತು?

ಗಾಳಿ ಬೀಸದಿದ್ದರೆ ಹಾಯಿದೋಣಿ ನಿಂತಲ್ಲೇ ನಿಲ್ಲುತ್ತದೆ. ಗಾಳಿ ಎದುರಿನಿಂದ ಬಂದರೆ ಅದು ನೇರವಾಗಿ ಮುಂದೆ ಹೋಗಲಾರದು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಹೀಗೆ ಅಂಕುಡೊಂಕಾಗಿ ಸಾಗಬೇಕು. ಅದರಿಂದ ದಾರಿ ಉದ್ದವಾಗುತ್ತದೆ. ಬಂದರಿನ ಇಕ್ಕಟ್ಟಾದ ಬಾಯಿಯಲ್ಲಿ ಹಾಗೆ ತಿರುಗಲು ಜಾಗವೇ ಇರುವುದಿಲ್ಲ. ಅಲೆಗಳು ದೋಣಿಯನ್ನು ಮರಳ ದಿಬ್ಬದ ಕಡೆಗೆ ನೂಕುತ್ತಿರುವಾಗ ಇಂಜಿನ್ ಇದ್ದರೆ ಜನರ ಪ್ರಾಣವೂ ಸರಕೂ ಉಳಿಯುತ್ತವೆ.

ಇಂಜಿನ್ ಹೇಗೆ ಓಡುತ್ತದೆ?

ಡೀಸೆಲ್ ಎಂಬುದು ಒಬ್ಬ ಮನುಷ್ಯನ ಹೆಸರು. ರುಡಾಲ್ಫ್ ಡೀಸೆಲ್ 1858ರಲ್ಲಿ ಪ್ಯಾರಿಸ್ ನಗರದಲ್ಲಿ ಹುಟ್ಟಿದನು. ಜರ್ಮನಿಯ ಆಗ್ಸ್‌ಬರ್ಗ್ ಎಂಬ ಊರಿನಲ್ಲಿ ಹಲವು ವರ್ಷ ಪ್ರಯೋಗ ನಡೆಸಿ, 1897ರಲ್ಲಿ ತನ್ನ ಇಂಜಿನ್ನನ್ನು ಚೆನ್ನಾಗಿ ಓಡಿಸಿ ತೋರಿಸಿದನು.

ಸೈಕಲ್ ಚಕ್ರಕ್ಕೆ ಗಾಳಿ ಹೊಡೆದ ಮೇಲೆ ಪಂಪಿನ ಕೆಳಭಾಗವನ್ನು ಮುಟ್ಟಿ ನೋಡಿರಿ. ಬಿಸಿಯಾಗಿರುತ್ತದೆ. ಗಾಳಿಯನ್ನು ಅದುಮಿದರೆ ಅದು ಬಿಸಿಯಾಗುತ್ತದೆ. ಡೀಸೆಲ್ ಇಂಜಿನ್ನಿನ ಗುಟ್ಟು ಇದೇ. ಅದರೊಳಗೆ ಗಾಳಿಯನ್ನು ಬಹಳ ಬಿಗಿಯಾಗಿ ಅದುಮುತ್ತಾರೆ. ಆಗ ಗಾಳಿಯ ಬಿಸಿ 500 ಡಿಗ್ರಿ ಸೆಲ್ಸಿಯಸ್‌ಗಿಂತಲೂ ಹೆಚ್ಚಾಗುತ್ತದೆ. ಅದರ ಮೇಲೆ ಡೀಸೆಲ್ ಎಣ್ಣೆಯನ್ನು ತುಂತುರಾಗಿ ಸಿಂಪಡಿಸಿದ ಕೂಡಲೇ ಎಣ್ಣೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಹೊತ್ತಿಸಲು ಬೇರೆ ಕಿಡಿ ಬೇಕಾಗಿಲ್ಲ. ಆ ಬಲವೇ ಪಿಸ್ಟನ್ನನ್ನು ತಳ್ಳುತ್ತದೆ. ಪಿಸ್ಟನ್ ಒಂದು ಉಕ್ಕಿನ ದಂಡವನ್ನು ತಿರುಗಿಸುತ್ತದೆ. ಬಾವಿಯ ಬಳಿ ಈ ತಿರುಗುವಿಕೆ ಪಂಪನ್ನು ಓಡಿಸುತ್ತದೆ. ದೋಣಿಯಲ್ಲಿ ಅದು ನೀರಿನೊಳಗಿರುವ ಪ್ರೊಪೆಲ್ಲರನ್ನು ತಿರುಗಿಸುತ್ತದೆ. ಪ್ರೊಪೆಲ್ಲರ್ ಎಂದರೆ ಫ್ಯಾನಿನ ರೆಕ್ಕೆಗಳಂತಹ ಲೋಹದ ಎಲೆಗಳು. ಅವು ನೀರನ್ನು ಹಿಂದಕ್ಕೆ ತಳ್ಳುತ್ತವೆ, ದೋಣಿ ಮುಂದಕ್ಕೆ ಹೋಗುತ್ತದೆ.

ಹಳೆಯ ದೋಣಿಗೆ ಇಂಜಿನ್ ಜೋಡಿಸುವುದು

ಹಳೆಯ ದೋಣಿಗೆ ಇಂಜಿನ್ ಇಡುವ ಮೊದಲು ದೋಣಿಯನ್ನೇ ಪರೀಕ್ಷಿಸಬೇಕು. ನಮ್ಮ ಪಶ್ಚಿಮ ಕರಾವಳಿಯಲ್ಲಿ ದೋಣಿ ಕಟ್ಟಲು ತೇಗ ಮತ್ತು ಹೆಬ್ಬಲಸಿನ ಮರಗಳನ್ನು ಬಳಸುತ್ತಾರೆ. ಇವು ಗಟ್ಟಿ ಮರಗಳು. ಆದರೂ ಮಳೆನೀರು ನಿಂತ ಮೂಲೆಗಳು ಕೊಳೆಯಬಹುದು. ಬಡಗಿಯು ಹಲಗೆಗಳನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕಿವಿಗೊಟ್ಟು ಕೇಳುತ್ತಾನೆ. ನಾವು ಮಡಕೆ ಕೊಳ್ಳುವಾಗ ತಟ್ಟಿ ನೋಡುತ್ತೇವಲ್ಲ, ಹಾಗೆಯೇ. ಗಟ್ಟಿ ಮರ ಟಣ್ ಎನ್ನುತ್ತದೆ. ಒಳಗೆ ಕೊಳೆತ ಮರ ದಬ್ ಎನ್ನುತ್ತದೆ. ಅಂತಹ ಹಲಗೆಯನ್ನು ಬದಲಿಸಲೇಬೇಕು. ಏಕೆಂದರೆ ಇಂಜಿನ್ನಿನ ಅದುರುವಿಕೆ ದೋಣಿಯ ಮೈಗೆಲ್ಲ ಹರಡುತ್ತದೆ.

ಇಂಜಿನ್ ಭಾರವಾದ ವಸ್ತು. ಅದನ್ನು ದೋಣಿಯ ನಡುಗೆರೆಯಲ್ಲಿ, ಆದಷ್ಟು ತಗ್ಗಿನಲ್ಲಿ ಕೂರಿಸುತ್ತಾರೆ. ಒಂದು ಪಕ್ಕಕ್ಕೆ ಇಟ್ಟರೆ ದೋಣಿ ವಾಲುತ್ತದೆ. ಕೆಳಗೆ ದಪ್ಪ ತೊಲೆಗಳ ಪೀಠ ಕಟ್ಟಿ, ಬೋಲ್ಟುಗಳಿಂದ ಬಿಗಿಯುತ್ತಾರೆ. ಇಂಜಿನ್ ಮತ್ತು ಪ್ರೊಪೆಲ್ಲರಿನ ದಂಡ ಒಂದೇ ಗೆರೆಯಲ್ಲಿರಬೇಕು. ಕೂದಲೆಳೆಯಷ್ಟು ಓರೆಯಾದರೂ ದಂಡ ಅಲುಗಾಡಿ ಬೇರಿಂಗು ಸವೆಯುತ್ತದೆ.

ದಂಡ ಹೊರಗೆ ಹೋಗಲು ದೋಣಿಯ ಹಿಂಭಾಗದಲ್ಲಿ ರಂಧ್ರ ಕೊರೆಯಬೇಕು. ತೇಲುವ ದೋಣಿಗೆ ರಂಧ್ರವೇ? ಹೌದು. ಅಲ್ಲಿ ನೀರು ನುಗ್ಗದಂತೆ ಗ್ರೀಸು ಹಚ್ಚಿದ ಹುರಿಯನ್ನು ದಂಡದ ಸುತ್ತ ಸುತ್ತಿ ಬಿಗಿಯುತ್ತಾರೆ. ನೀರೆತ್ತುವ ಕೆಲವು ಪಂಪುಗಳಲ್ಲಿಯೂ ಇದೇ ರೀತಿಯ ಹುರಿ ಇರುತ್ತದೆ. ಬಹಳ ಬಿಗಿ ಮಾಡಿದರೆ ದಂಡ ಬಿಸಿಯಾಗುತ್ತದೆ. ಸಡಿಲ ಬಿಟ್ಟರೆ ನೀರು ಒಳಗೆ ಬರುತ್ತದೆ. ಆಗೊಂದು ಈಗೊಂದು ಹನಿ ಬೀಳುವಷ್ಟು ಹದ ಸರಿ.

ದೋಣಿಯ ಮೈ ಕಾಪಾಡುವುದು

ಮಳೆಗಾಲದಲ್ಲಿ ಅರಬ್ಬೀ ಸಮುದ್ರ ರೌದ್ರವಾಗಿರುತ್ತದೆ. ಆಗ ಮಂಜಿಗಳು ಕಡಲಿಗೆ ಇಳಿಯುವುದಿಲ್ಲ. ಆ ತಿಂಗಳುಗಳಲ್ಲಿ ದುರಸ್ತಿಯ ಕೆಲಸ ನಡೆಯುತ್ತದೆ. ಹತ್ತಿ ಎಂದರೆ ತಿರುಪ್ಪೂರಿನವರಿಗೆ ಬನಿಯನ್ ನೆನಪಾಗುತ್ತದೆ. ದೋಣಿಯವರಿಗೆ ಹಲಗೆಗಳ ಸಂದಿ ನೆನಪಾಗುತ್ತದೆ. ಎಣ್ಣೆಯಲ್ಲಿ ಅದ್ದಿದ ಹತ್ತಿಯ ಎಳೆಯನ್ನು ಉಳಿಯಿಂದ ಹೊಡೆದು ಸಂದಿಗಳಿಗೆ ತುಂಬುತ್ತಾರೆ. ನೀರಿಗಿಳಿದ ಮೇಲೆ ಮರ ಊದಿಕೊಂಡು ಹತ್ತಿಯನ್ನು ಬಿಗಿಯಾಗಿ ಹಿಡಿಯುತ್ತದೆ.

ಕಡಲಿನಲ್ಲಿ ಮರ ಕೊರೆಯುವ ಒಂದು ಜೀವಿ ಇದೆ. ನೋಡಲು ಹುಳುವಿನಂತಿದ್ದರೂ ಅದು ಚಿಪ್ಪಿನ ಜಾತಿಗೆ ಸೇರಿದ್ದು. ಹೊರಗೆ ಸೂಜಿಯ ತೂತು, ಒಳಗೆ ಸುರಂಗ! ಇದನ್ನು ತಡೆಯಲು ಹಿಂದೆ ಸುಣ್ಣ ಮತ್ತು ಎಣ್ಣೆ ಕಲಸಿ ದೋಣಿಯ ತಳಕ್ಕೆ ಬಳಿಯುತ್ತಿದ್ದರು. ಈಗ ಅದಕ್ಕೆಂದೇ ತಯಾರಿಸಿದ ಬಣ್ಣಗಳಿವೆ.

ಉಪ್ಪುನೀರು ಲೋಹಗಳಿಗೂ ಶತ್ರು. ಪ್ರೊಪೆಲ್ಲರಿನ ಬಳಿ ಸತುವಿನ ಒಂದು ತುಂಡನ್ನು ಕಟ್ಟಿರುತ್ತಾರೆ. ಉಪ್ಪುನೀರು ಮೊದಲು ಸತುವನ್ನು ತಿನ್ನುತ್ತದೆ, ಉಳಿದ ಲೋಹಗಳು ಉಳಿಯುತ್ತವೆ. ಸತು ಸವೆದಾಗ ಹೊಸ ತುಂಡು ಹಾಕುತ್ತಾರೆ.

ಇಂಜಿನ್ನಿನ ಆರೈಕೆ

ದಿನವೂ ಹೊರಡುವ ಮೊದಲು ಇಂಜಿನ್ ಎಣ್ಣೆಯ ಮಟ್ಟ ನೋಡಬೇಕು. ಡೀಸೆಲ್ ಟ್ಯಾಂಕನ್ನು ಅರ್ಧ ಖಾಲಿ ಬಿಡಬಾರದು. ಖಾಲಿ ಜಾಗದ ಗಾಳಿಯಲ್ಲಿರುವ ತೇವ ರಾತ್ರಿಯ ತಂಪಿಗೆ ಹನಿಯಾಗಿ ಡೀಸೆಲಿಗೆ ಇಳಿಯುತ್ತದೆ. ನೀರು ಡೀಸೆಲಿಗಿಂತ ಭಾರ. ಆದುದರಿಂದ ಅದು ತಳದಲ್ಲಿ ನಿಲ್ಲುತ್ತದೆ. ತಳದ ತಿರುಪು ಬಿಚ್ಚಿ ಆ ನೀರನ್ನು ಪಾತ್ರೆಗೆ ತೆಗೆಯಬೇಕು. ಡೀಸೆಲ್ ಸೋಸುವ ಫಿಲ್ಟರನ್ನು ಕಾಲಕಾಲಕ್ಕೆ ಬದಲಿಸಬೇಕು. ಎಣ್ಣೆಯ ಕೊಳವೆಯಲ್ಲಿ ಗಾಳಿ ಸೇರಿಕೊಂಡರೆ ಇಂಜಿನ್ ನಿಂತುಹೋಗುತ್ತದೆ. ಆ ಗಾಳಿಯನ್ನು ಹೊರಗೆ ಬಿಡುವುದನ್ನು ದೋಣಿಯಲ್ಲಿ ಒಬ್ಬರಿಗಿಂತ ಹೆಚ್ಚು ಜನ ಕಲಿತಿರಬೇಕು.

ಇಂಜಿನ್ನನ್ನು ತಂಪಾಗಿಡಲು ಕಡಲ ನೀರನ್ನೇ ಬಳಸುತ್ತಾರೆ. ನೀರು ಒಳಗೆ ಬರುವ ಜಾಗದಲ್ಲಿ ಜರಡಿ ಇರುತ್ತದೆ. ಕಡಲಪಾಚಿಯೋ ಪ್ಲಾಸ್ಟಿಕ್ ಚೀಲವೋ ಅದಕ್ಕೆ ಅಡ್ಡವಾದರೆ ಇಂಜಿನ್ ಸುಡುತ್ತದೆ. ಅನೇಕ ದೋಣಿಗಳಲ್ಲಿ ಈ ನೀರು ಹೊಗೆಯ ಜೊತೆಗೆ ಹೊರಗೆ ಬೀಳುತ್ತದೆ. ಆದ್ದರಿಂದ ಚುಕ್ಕಾಣಿ ಹಿಡಿದವನು ಆಗಾಗ ಹಿಂದೆ ತಿರುಗಿ, ನೀರು ಬೀಳುತ್ತಿದೆಯೇ ಎಂದು ನೋಡುತ್ತಾನೆ.

ಹೊಗೆಯೂ ಮಾತಾಡುತ್ತದೆ. ಕಪ್ಪು ಹೊಗೆ ಬಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ, ಅಥವಾ ಇಂಜಿನ್ ಮೇಲೆ ಭಾರ ಹೆಚ್ಚಾಗಿದೆ. ನೀಲಿ ಹೊಗೆ ಬಂದರೆ ಇಂಜಿನ್ ಎಣ್ಣೆ ಉರಿದುಹೋಗುತ್ತಿದೆ.

ಜೊತೆಗಿರಬೇಕಾದ ಸಾಮಾನುಗಳು

ದೋಣಿಯಲ್ಲಿ ಪ್ರತಿಯೊಬ್ಬರಿಗೂ ಒಂದು ಲೈಫ್ ಜಾಕೆಟ್ ಇರಬೇಕು. ದಿಕ್ಸೂಚಿ, ರೇಡಿಯೋ, ಲಂಗರು, ಬೆಂಕಿ ಆರಿಸುವ ಸಾಧನ, ಒಳಗೆ ಸೇರಿದ ನೀರನ್ನು ಹೊರಹಾಕುವ ಪಂಪು, ಕುಡಿಯುವ ನೀರು ಬೇಕೇ ಬೇಕು. ರಾತ್ರಿ ಎಡಗಡೆ ಕೆಂಪು ದೀಪ, ಬಲಗಡೆ ಹಸಿರು ದೀಪ ಉರಿಯಬೇಕು. ದೀಪಗಳನ್ನು ನೋಡಿ ಎದುರಿನ ಹಡಗಿನವರು ಈ ದೋಣಿ ಯಾವ ಕಡೆಗೆ ಹೋಗುತ್ತಿದೆ ಎಂದು ತಿಳಿಯುತ್ತಾರೆ.

ಇಷ್ಟೆಲ್ಲ ಇದ್ದರೂ ಹಾಯಿಯನ್ನು ಎಸೆಯಬಾರದು. ನಡುಗಡಲಿನಲ್ಲಿ ಇಂಜಿನ್ ನಿಂತರೆ ದಾರಿಬದಿಯ ಮೆಕ್ಯಾನಿಕ್ ಸಿಗುವುದಿಲ್ಲ. ಆಗ ದಡ ಸೇರಿಸುವುದು ಹಾಯಿಯೇ.

ಹಾಯಿಯ ಬಲದಿಂದ ಭೂಮಿಯನ್ನೇ ಸುತ್ತಿದವರೂ ಇದ್ದಾರೆ. ಗೋವಾದಲ್ಲಿ ಕಟ್ಟಿದ ತಾರಿಣಿ ಎಂಬ ಹಾಯಿದೋಣಿಯಲ್ಲಿ ಭಾರತೀಯ ನೌಕಾಪಡೆಯ ಆರು ಮಹಿಳೆಯರು 2017ರ ಸೆಪ್ಟೆಂಬರ್ 10ರಂದು ಹೊರಟು, 2018ರ ಮೇ 21ರಂದು ಮರಳಿದರು. ಅವರ ನಾಯಕಿ ವರ್ತಿಕಾ ಜೋಶಿ. ಪ್ರಯಾಣದ ಕೊನೆಯ ಭಾಗದಲ್ಲಿ ಚುಕ್ಕಾಣಿಯ ಯಂತ್ರ ಕೆಟ್ಟಿತು. ಅವರು ಮಾರಿಷಸ್‌ನ ಬಂದರಿಗೆ ಹೋಗಿ, ಅದನ್ನು ಸರಿಪಡಿಸಿದ ಮೇಲೆಯೇ ಮುಂದೆ ಹೊರಟರು. ಮನೆ ಹತ್ತಿರವಾಯಿತೆಂದು ಆತುರಪಡಲಿಲ್ಲ. ಚೆನ್ನಾಗಿ ನೋಡಿಕೊಂಡ ಅದೇ ತಾರಿಣಿ 2024ರ ಅಕ್ಟೋಬರ್ 2ರಂದು ಮತ್ತೆ ಹೊರಟಿತು. ಈ ಸಲ ಇದ್ದವರು ದಿಲ್ನಾ ಮತ್ತು ರೂಪಾ ಎಂಬ ಇಬ್ಬರೇ ಅಧಿಕಾರಿಗಳು. 2025ರ ಮೇ ತಿಂಗಳಲ್ಲಿ ಅವರೂ ಭೂಮಿಯನ್ನು ಸುತ್ತಿ ಗೋವಾಕ್ಕೆ ಬಂದರು.

ಮಕ್ಕಳೇ, ವಸ್ತು ಹಳೆಯದಾಯಿತೆಂದು ಕೆಡುವುದಿಲ್ಲ, ನೋಡುವವರಿಲ್ಲದೆ ಕೆಡುತ್ತದೆ. ಹೊಸ ಇಂಜಿನ್ ಬಲ ಕೊಡಬಹುದು, ಕಾಳಜಿಯನ್ನು ಕೊಡಲಾರದು. ಅದನ್ನು ಮನುಷ್ಯರೇ ಕೊಡಬೇಕು.

ಪದಗಳ ಅರ್ಥ

ಕಪಿಲೆ – ಎತ್ತುಗಳಿಂದ ಬಾವಿಯ ನೀರೆತ್ತುವ ಸಾಧನ
ಹಾಯಿ – ಗಾಳಿ ಹಿಡಿಯಲು ದೋಣಿಗೆ ಕಟ್ಟುವ ಬಟ್ಟೆ
ಚುಕ್ಕಾಣಿ – ದೋಣಿಯ ದಿಕ್ಕು ಬದಲಿಸುವ ಸಾಧನ
ಲಂಗರು – ದೋಣಿಯನ್ನು ನಿಲ್ಲಿಸಲು ನೀರಿಗೆ ಇಳಿಬಿಡುವ ಭಾರವಾದ ಕೊಂಡಿ
ರೌದ್ರ – ಭಯಂಕರ
ಆರೈಕೆ – ಪಾಲನೆ, ಉಪಚಾರ

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಮಂಗಳೂರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ದೋಣಿಗಳನ್ನು ಏನೆಂದು ಕರೆಯುತ್ತಾರೆ?
2. ರುಡಾಲ್ಫ್ ಡೀಸೆಲ್ ತನ್ನ ಇಂಜಿನ್ನನ್ನು ಯಾವ ವರ್ಷ ಓಡಿಸಿ ತೋರಿಸಿದನು?
3. ದೋಣಿಯ ಎಡಗಡೆ ಯಾವ ಬಣ್ಣದ ದೀಪವಿರಬೇಕು?

ಆ. ಎರಡು ಮೂರು ವಾಕ್ಯಗಳಲ್ಲಿ ಉತ್ತರಿಸಿರಿ.
1. ಹಾಯಿದೋಣಿಗೆ ಇಂಜಿನ್ ಏಕೆ ಬೇಕಾಯಿತು?
2. ಬಡಗಿಯು ಹಲಗೆಯನ್ನು ತಟ್ಟಿ ಕೇಳುವುದೇಕೆ?
3. ಇಂಜಿನ್ ಇದ್ದರೂ ಹಾಯಿಯನ್ನು ಏಕೆ ಉಳಿಸಿಕೊಳ್ಳಬೇಕು?

ಇ. ಬಿಟ್ಟ ಸ್ಥಳಗಳನ್ನು ತುಂಬಿರಿ.
1. ಗಾಳಿಯನ್ನು ಅದುಮಿದರೆ ಅದು ______ ಆಗುತ್ತದೆ.
2. ಉಪ್ಪುನೀರು ಮೊದಲು ______ ತುಂಡನ್ನು ತಿನ್ನುತ್ತದೆ.
3. ನೀರು ಡೀಸೆಲಿಗಿಂತ ______.

ಈ. ಮಾಡಿ ನೋಡಿರಿ.
ನಿಮ್ಮ ಮನೆಯಲ್ಲಿರುವ ಒಂದು ಹಳೆಯ ವಸ್ತುವನ್ನು ಆರಿಸಿಕೊಳ್ಳಿರಿ. ಅದು ಸೈಕಲ್, ಹೊಲಿಗೆ ಯಂತ್ರ ಅಥವಾ ಪಂಪ್‌ಸೆಟ್ ಆಗಿರಬಹುದು. ಅದನ್ನು ಯಾರು, ಹೇಗೆ ನೋಡಿಕೊಳ್ಳುತ್ತಾರೆ ಎಂದು ಹಿರಿಯರನ್ನು ಕೇಳಿ ಐದು ವಾಕ್ಯ ಬರೆಯಿರಿ.